ತಂತಿ ಬೆಳೆಸಿದ್ದಾಯ್ತು, ಸಾಲಾಗಿ ಕೂರಿಸೋರು ಯಾರು?

ನ್ಯಾನೊತಂತಿ ಅಂದ್ರೆ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಕಡ್ಡಿ. ಅದನ್ನು ಬೆಳೆಸುವ ದಾರಿ 1964ರಲ್ಲೇ ಸಿಕ್ಕಿತ್ತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವ್ಯಾಗ್ನರ್ ಮತ್ತು ಎಲ್ಲಿಸ್ ತೋರಿಸಿದ್ದು ಇದು: ಕಾದ ಚಿನ್ನದ ಹನಿ ಸುತ್ತಲಿನ ಅನಿಲದಿಂದ ಸಿಲಿಕಾನ್ ಹೀರುತ್ತದೆ, ಹೊಟ್ಟೆ ತುಂಬಿದ ಮೇಲೆ ಅದರ ಬುಡದಲ್ಲಿ ಸಿಲಿಕಾನ್ ಕಡ್ಡಿಯಾಗಿ ಬೆಳೆಯುತ್ತದೆ. 1998ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ತಂಡ ಇದೇ ಉಪಾಯದಿಂದ ಹತ್ತು ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಆಸುಪಾಸು ದಪ್ಪದ ತಂತಿ ತೆಗೆಯಿತು.

ತಲೆನೋವು ಶುರುವಾಗಿದ್ದು ಆಮೇಲೆ. ತಂತಿಗಳೆಲ್ಲ ತಟ್ಟೆಗೆ ಸುರಿದ ಶಾವಿಗೆ ಥರ ಬಿದ್ದಿರುತ್ತವೆ. ಚಿಪ್ ಆಗಬೇಕಾದರೆ ಇದು ಇಲ್ಲಿ, ಅದು ಅಲ್ಲಿ ಅಂತ ಲೆಕ್ಕವಾಗಿ ಕೂರಬೇಕು. ಒಂದೊಂದಾಗಿ ಎತ್ತಿಡುತ್ತಾ ಹೋದರೆ ಜನ್ಮ ಸಾಲದು. ಇಷ್ಟು ಸಣ್ಣ ಗಾತ್ರದಲ್ಲಿ ತನ್ನ ಜೋಡಿಯನ್ನು ಗುರುತು ಹಿಡಿದು ಅಂಟಿಕೊಳ್ಳೋದು ಜೀವಿಗಳ ಅಣುಗಳಿಗೆ ಮಾತ್ರ ಚೆನ್ನಾಗಿ ಗೊತ್ತು, ಅಲ್ವಾ?

ಡಿಎನ್‌ಎಯನ್ನು ಕಟ್ಟಡದ ಸಾಮಾನಿನ ಹಾಗೆ ಬಳಸಬಹುದು ಎಂದು ಅಮೆರಿಕದ ವಿಜ್ಞಾನಿ ನೆಡ್ ಸೀಮನ್ 1982ರಲ್ಲೇ ಬರೆದಿದ್ದರು. ಆದರೆ ಅವರ ತಲೆಯಲ್ಲಿದ್ದದ್ದು ಚಿಪ್ ಅಲ್ಲ, ಪ್ರೋಟೀನುಗಳನ್ನು ಸಾಲಾಗಿ ಹಿಡಿದಿಡುವ ಹರಳು! 1998ರಲ್ಲಿ ಇಸ್ರೇಲಿನ ಟೆಕ್ನಿಯಾನ್ ತಂಡ ಎರಡು ಚಿನ್ನದ ತುದಿಗಳ ನಡುವೆ ಡಿಎನ್‌ಎ ಎಳೆ ಕಟ್ಟಿ, ಅದರ ಮೇಲೆ ಬೆಳ್ಳಿ ಕೂರಿಸಿತು. ಬೆಳ್ಳಿ ಸಿಲಿಕಾನ್‌ನಂಥ ಅರೆವಾಹಕವಲ್ಲ (ಚಿಪ್‌ಗೆ ಬೇಕಾದ್ದು ಅದೇ), ನಿಜ. ಆದರೂ ಎಳೆ ಹೇಳಿದ ಜಾಗಕ್ಕೇ ತಂತಿ ಬಂತಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅಮೆರಿಕದ ವಿಜ್ಞಾನಿ ಆಂಜೆಲಾ ಬೆಲ್ಚರ್ ಹಿಡಿದ ದಾರಿ. ಎಂ13 ಅನ್ನೋ ವೈರಸ್ ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುತ್ತದೆ, ನಮಗೇನೂ ಮಾಡೋದಿಲ್ಲ. ಸುಮಾರು 880 ನ್ಯಾನೊಮೀಟರ್ ಉದ್ದ, ಆರೇಳು ನ್ಯಾನೊಮೀಟರ್ ದಪ್ಪ, ಅಂದ್ರೆ ಹುಟ್ಟಿದ್ದೇ ತಂತಿಯ ಆಕಾರದಲ್ಲಿ. ಬೇರೆ ಬೇರೆ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಂಡು) ಹೊತ್ತ ಕೋಟಿಗಟ್ಟಲೆ ವೈರಸ್‌ಗಳನ್ನು ಅರೆವಾಹಕದ ಹರಳಿನ ಮೇಲೆ ಸುರಿದು, ತೊಳೆದು, ಬಿಡದೆ ಅಂಟಿಕೊಂಡವನ್ನಷ್ಟೇ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಮತ್ತೆ ಸುರಿದು, ಮತ್ತೆ ತೊಳೆದರು. ಹೀಗೆ ಗ್ಯಾಲಿಯಂ ಆರ್ಸೆನೈಡ್‌ನಂಥ ಹರಳನ್ನು ಗುರುತು ಹಿಡಿಯುವ ಪೆಪ್ಟೈಡ್‌ಗಳು ಸಿಕ್ಕವು. ಅದು 2000ದ ಮಾತು. 2004ರ ಹೊತ್ತಿಗೆ ವೈರಸ್ಸಿನ ಮೈಮೇಲೆಲ್ಲ ಸತುವಿನ ಸಲ್ಫೈಡ್ ಇಲ್ಲವೇ ಕ್ಯಾಡ್ಮಿಯಂ ಸಲ್ಫೈಡ್ ಎಂಬ ಅರೆವಾಹಕದ ಕಣ ಕೂರಿಸಿ ಕಾಯಿಸಿದರು. ವೈರಸ್ ಸುಟ್ಟುಹೋಯಿತು, ತಂತಿ ಉಳಿಯಿತು.

2006ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ರಾಥ್‌ಮಂಡ್ ಡಿಎನ್‌ಎಯನ್ನು ಕಾಗದದಂತೆ ಮಡಚಿ ಬೇಕಾದ ಆಕಾರ ಮಾಡಿದರಲ್ಲ, ಆ ಉದ್ದನೆಯ ಎಳೆಯೂ ಇದೇ ಎಂ13ರದ್ದು! 2020ರಲ್ಲಿ ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ತಂಡ ಡಿಎನ್‌ಎಯಲ್ಲೇ ಸಣ್ಣ ಕಾಲುವೆ ಕಟ್ಟಿ, ತಂತಿಯ ಅಣ್ಣತಮ್ಮನಂತಿರುವ ಇಂಗಾಲದ ನ್ಯಾನೊನಳಿಕೆಗಳನ್ನು 10.4 ನ್ಯಾನೊಮೀಟರ್ ಅಂತರದಷ್ಟು ಹತ್ತಿರ ಸಾಲಾಗಿ ಕೂರಿಸಿತು. ಆದರೆ ಅವುಗಳಿಂದ ಟ್ರಾನ್ಸಿಸ್ಟರ್ (ಚಿಪ್‌ನೊಳಗಿನ ಪುಟ್ಟ ಸ್ವಿಚ್ಚು) ಮಾಡಿದಾಗ ಉಳಿದ ಡಿಎನ್‌ಎ, ಉಪ್ಪಿನ ಅಯಾನುಗಳೇ ಅಡ್ಡ ಬಂದವು. ಸುಮ್ನೆ ತೊಳೆದರೆ ಸಾಲು ಕೆಡುತ್ತದೆ. ಅದಕ್ಕೆ ಮೊದಲು ಲೋಹದ ಪಟ್ಟಿ ಹಾಕಿ ನಳಿಕೆಗಳನ್ನು ಬಿಗಿ ಮಾಡಿ, ಆಮೇಲೆ ಡಿಎನ್‌ಎ ತೊಳೆದು ತೆಗೆದರು.