ಗೊಂಬೆ ಸಿಕ್ಕವರು ಕಾರ್ನ್ ಫ್ಲೋರ್ ಕೊಳ್ಳಬೇಡಿ

ಪ್ರಶ್ನೆ: ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಬಂದಿದ್ದೇನೆ. ಜನವರಿ 6ರಂದು ಕಚೇರಿಯಲ್ಲಿ ಹಂಚಿದ ಸಿಹಿ ಬ್ರೆಡ್ಡಿನ ನನ್ನ ತುಂಡಿನಲ್ಲಿ ಪುಟ್ಟ ಗೊಂಬೆ ಸಿಕ್ಕಿತು. ಫೆಬ್ರವರಿ 2ಕ್ಕೆ ನಾನು ಎಲ್ಲರಿಗೂ ತಮಾಲ್ ಎಂಬ ಕಡುಬು ತರಬೇಕಂತೆ. ಮೆಕ್ಕೆಜೋಳದ ಹಿಟ್ಟು ತಂದು ಮನೆಯಲ್ಲೇ ಮಾಡಬಹುದೇ?

ಉತ್ತರ: ರೋಸ್ಕಾ ಬ್ರೆಡ್ಡಿನೊಳಗಿನ ಗೊಂಬೆ ಬಾಲಯೇಸು. ಅದು ಸಿಕ್ಕವರು ಫೆಬ್ರವರಿ 2ರ ಕಾಂದೆಲಾರಿಯಾ ಹಬ್ಬಕ್ಕೆ ತಮಾಲ್ ತರುವುದು ಅಲ್ಲಿಯ ರೂಢಿ. ದೊಡ್ಡ ರೋಸ್ಕಾದಲ್ಲಿ ಗೊಂಬೆಗಳೂ ಹಲವಿರುತ್ತವೆ. ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡವರನ್ನು ಹುಡುಕಿ ಖರ್ಚು ಹಂಚಿಕೊಳ್ಳಿ. ಅಂಗಡಿಯಿಂದ ತಂದರೂ ಯಾರೂ ಮುಖ ಸಿಂಡರಿಸುವುದಿಲ್ಲ.

ನಿಮ್ಮ ಪ್ರಶ್ನೆ ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ 'ಮೆಕ್ಕೆಜೋಳದ ಹಿಟ್ಟು' ಎಂದು ಬರೆದುಬಿಟ್ಟಿದ್ದೀರಿ! ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವುದನ್ನು ಕಂಡು, ಇದು ನಮ್ಮ ಕೊಟ್ಟೆ ಕಡುಬಿನ ದಾಯಾದಿ, ಯಾವ ಹಿಟ್ಟಾದರೇನು ಎಂದುಕೊಳ್ಳುವವರಿಗೆ ನಾನು ಉತ್ತರ ಬರೆದು ಬರೆದು ಸಾಕಾಗಿದೆ. ಯಾವ ಹಿಟ್ಟೂ ಆಗುವುದಿಲ್ಲ. ನಮ್ಮ ಅಂಗಡಿಗಳ ಕಾರ್ನ್ ಫ್ಲೋರ್ ಬರೀ ಪಿಷ್ಟ, ಸಾರು ಗಟ್ಟಿ ಮಾಡಲು ಸರಿ. ಒಣ ಕಾಳು ಬೀಸಿದ ಹಿಟ್ಟಿಗೆ ಅಂಟೇ ಇಲ್ಲ. ಉಂಡೆ ಕಟ್ಟಿದರೆ ಬೆರಳ ಸಂದಿಯಲ್ಲಿ ಉದುರುತ್ತದೆ.

ತಮಾಲ್‌ಗೆ ಬೇಕಾದದ್ದು ಮಾಸಾ ಎಂಬ ಹಸಿ ಹಿಟ್ಟು. ಒಂದು ಕಿಲೋ ಕಾಳಿಗೆ ಸುಮಾರು 10 ಗ್ರಾಂ ಸುಣ್ಣ ಹಾಕಿ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಡುತ್ತಾರೆ. ಹೌದು, ಸುಣ್ಣ, ಅಡುಗೆಗೆಂದೇ ಮಾರುವಂಥದ್ದು. ವೀಳ್ಯದೆಲೆಗೆ ಸುಣ್ಣ ಬಳಿಯುವ ನಾವು ಗಾಬರಿಯಾಗಬೇಕಿಲ್ಲ. ಬೆಳಿಗ್ಗೆ ಕಾಳನ್ನು ಹಿಸುಕಿದರೆ ಹೊಟ್ಟು ಲೋಳೆಯಾಗಿ ಜಾರುತ್ತದೆ. ಚೆನ್ನಾಗಿ ತೊಳೆದು ಬೀಸಿದರೆ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಈ ಕಾಳಿಗೆ ನಿಶ್ತಮಾಲ್ ಎಂದು ಹೆಸರು. ಹೆಸರು ಬಂದದ್ದು ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ, ಅದರಲ್ಲಿ 'ನೆಶ್ತ್ಲಿ' ಎಂದರೆ ಬೂದಿ.

ಸುಣ್ಣದ ಕೆಲಸ ಅಂಟಿಗೇ ಮುಗಿಯುವುದಿಲ್ಲ. ಮೆಕ್ಕೆಜೋಳದ ನಯಾಸಿನ್ ಎಂಬ ಜೀವಸತ್ವ ಬಿಗಿದುಕೊಂಡಿರುತ್ತದೆ, ದೇಹಕ್ಕೆ ದಕ್ಕುವುದಿಲ್ಲ. ಸುಣ್ಣ ಅದನ್ನು ಬಿಡಿಸುತ್ತದೆ. ಯುರೋಪಿನವರು ಅಮೆರಿಕ ಖಂಡದಿಂದ ಕಾಳನ್ನು ಒಯ್ದರು, ಸುಣ್ಣವನ್ನು ಬಿಟ್ಟುಹೋದರು. ಮೆಕ್ಕೆಜೋಳವೇ ಮುಖ್ಯ ಆಹಾರವಾದ ಉತ್ತರ ಇಟಲಿಯ ಬಡ ರೈತರಲ್ಲಿ ನಯಾಸಿನ್ ಕೊರತೆಯಿಂದ ಚರ್ಮ ಸುಲಿದು ಬುದ್ಧಿ ಕದಡುವ ಪೆಲಾಗ್ರಾ ರೋಗ ಹಬ್ಬಿತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳನ್ನೂ ಕಾಡಿತು. ಮೆಕ್ಸಿಕೋದ ಅಡುಗೆಯನ್ನು 2010ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಸುಣ್ಣದ ವಿದ್ಯೆಗೂ ಅದರಲ್ಲಿ ಜಾಗ ಸಿಕ್ಕಿತು. 'ಯಾವ ಹಿಟ್ಟಾದರೇನು' ಎನ್ನುವವರಿಗೆ ಇಷ್ಟು ಸಾಲದೇ?

ನೀವಿರುವ ಊರಿನಲ್ಲಿ ಇಷ್ಟೆಲ್ಲ ಒದ್ದಾಟವೂ ಬೇಡ. ಗಿರಣಿಗೆ ಹೋಗಿ ತಮಾಲ್‌ಗೆಂದು ಹೇಳಿದರೆ ತುಸು ತರಿತರಿಯಾದ ಮಾಸಾ ತೂಗಿ ಕೊಡುತ್ತಾರೆ.

ನೀವು ಕೇಳದ ಇನ್ನೊಂದು ವಿಷಯ, ಕಚೇರಿಯಲ್ಲಿ ಸಸ್ಯಾಹಾರಿಗಳಿದ್ದಾರೆಯೇ? ಒಳಗೆ ಹಸಿಮೆಣಸಿನಕಾಯಿ, ಚೀಸ್ ಮಾತ್ರ ಇದ್ದ ತಮಾಲ್ ನೋಡಿ ನಿಶ್ಚಿಂತರಾಗಬೇಡಿ. ಹಿಟ್ಟನ್ನು ಸಾಮಾನ್ಯವಾಗಿ ಹಂದಿಯ ಕೊಬ್ಬು ಸೇರಿಸಿ ಹೊಡೆದಿರುತ್ತಾರೆ. ಕೊಳ್ಳುವಾಗ 'ಸಿನ್ ಮಾಂತೇಕಾ', ಅಂದರೆ ಹಂದಿಕೊಬ್ಬಿಲ್ಲದ್ದು, ಎಂದು ಒತ್ತಿ ಕೇಳಿ. ಮನೆಯಲ್ಲಾದರೆ ಎಣ್ಣೆಯಲ್ಲೂ ಆಗುತ್ತದೆ, ಹೊಡೆತ ಮಾತ್ರ ಜೋರಾಗಿರಬೇಕು. ಚಿಟಿಕೆ ಹಿಟ್ಟನ್ನು ಲೋಟದ ನೀರಿಗೆ ಹಾಕಿ ನೋಡಿ. ತೇಲಿದರೆ ಸಿಪ್ಪೆಗೆ ತುಂಬಿ. ಮುಳುಗಿದರೆ ನಿಮ್ಮ ಕೈ ಇನ್ನಷ್ಟು ನೋಯಬೇಕು.