ಅಂಗಾಲಿನ ಉರಿ ತಾನಾಗಿ ನಿಂತರೆ

ನಮ್ಮ ಆಡುಮಾತಿನಲ್ಲಿ ‘ನರ’ ಅನ್ನುವ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಮೀನಖಂಡದ ಮೇಲೆ ಸುರುಳಿಯಾಗಿ ಉಬ್ಬಿದ ರಕ್ತನಾಳವೂ ನರ, ಹಿಮ್ಮಡಿಯ ಹಿಂದೆ ಬಿಗಿಯುವ ಸ್ನಾಯುರಜ್ಜೂ ನರ, ಮಿದುಳಿಗೆ ಸುದ್ದಿ ಒಯ್ಯುವ ತಂತುವೂ ನರ. ಹಾಗಾಗಿ ಕಲಬುರಗಿ ಕಡೆಯ ಯಾವ ಒಪಿಡಿಯಲ್ಲೇ ಆಗಲಿ, ‘ನರ ಹಿಡದದ್ರಿ’ ಅಂದವರನ್ನು ಮೊದಲು ಕೇಳಬೇಕಾದ್ದು ‘ಎಲ್ಲಿ, ತೋರಿಸ್ರಿ’ ಅಂತಲೇ. ಆದರೆ ಹತ್ತು ವರ್ಷದಿಂದ ಶುಗರ್ ಇರುವವರು ಬಂದು, ‘ರಾತ್ರಿ ಅಂಗಾಲು ಉರಿತಾವ್ರಿ, ಹತ್ತಿ ಮ್ಯಾಲ ನಡದಂಗ ಆಗ್ತದ, ಚಪ್ಪಲ ಜಾರಿದ್ದೂ ಗೊತ್ತಾಗಂಗಿಲ್ಲ’ ಅಂದರೆ ಅನುಮಾನ ಬೇಡ. ಕೆಟ್ಟಿರುವುದು ಸುದ್ದಿ ಒಯ್ಯುವ ನರ.

ಕೆಡುವುದು ಪಾದದಿಂದಲೇ ಏಕೆ? ಹೆಬ್ಬೆರಳಿನ ಸ್ಪರ್ಶ ತಿಳಿಸುವ ನರಕೋಶದ ಒಡಲು ಪಾದದಲ್ಲಿಲ್ಲ. ಅದಿರುವುದು ಸೊಂಟದ ಹತ್ತಿರ, ಬೆನ್ನುಮೂಳೆಯ ಸಂದಿನ ಪುಟ್ಟ ನರಗಂಟಿನಲ್ಲಿ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರದ ಆ ಒಡಲಿನಿಂದ ಒಂದು ಎಳೆ ಬೆನ್ನುಹುರಿಗೆ ಹೋಗುತ್ತದೆ, ಇನ್ನೊಂದು ಸುಮಾರು ಒಂದು ಮೀಟರ್ ಇಳಿದು ಬೆರಳ ತುದಿ ಮುಟ್ಟುತ್ತದೆ. ಎಳೆಗೆ ಬೇಕಾದ ಪ್ರೋಟೀನುಗಳ ಬಹುಪಾಲು ತಯಾರಾಗುವುದು ಒಡಲಿನಲ್ಲಿ. ಅಲ್ಲಿಂದ ಅವು ಎಳೆಯೊಳಗಿನ ಸೂಕ್ಷ್ಮ ಹಳಿಗಳ ಮೇಲೆ ಸಾಗಿ ಬರಬೇಕು. ವೇಗದ ಸಾಗಣೆ ದಿನಕ್ಕೆ 200ರಿಂದ 400 ಮಿಲಿಮೀಟರ್, ಅಂದರೆ ಬೆರಳು ತಲುಪಲು ಮೂರರಿಂದ ಐದು ದಿನ. ನಿಧಾನದ್ದು ದಿನಕ್ಕೆ ಕೆಲವೇ ಮಿಲಿಮೀಟರ್. ಅದಕ್ಕೆ ತಿಂಗಳುಗಳೇ ಬೇಕು. ಕಾಲುವೆಯ ಕೊನೆಯ ಹೊಲದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ನರಕ್ಕೆ ಗ್ಲೂಕೋಸ್ ನುಗ್ಗಲು ಇನ್ಸುಲಿನ್ ಬೇಕಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಒಳಗೂ ಏರಿ, ಒಂದಿಷ್ಟು ಸಾರ್ಬಿಟಾಲ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಟ್ಟು ಕೋಶದ ಕೆಲಸ ಕೆಡಿಸುತ್ತದೆ. ನರಕ್ಕೇ ರಕ್ತ ಕೊಡುವ ಕೂದಲೆಳೆಗಿಂತ ಸಣ್ಣ ನಾಳಗಳ ಗೋಡೆಯೂ ದಪ್ಪಗಾಗುತ್ತದೆ. ಪೆಟ್ಟು ಎಲ್ಲ ನರಕ್ಕೂ ಬಿದ್ದರೂ ಉದ್ದದ್ದು ಮೊದಲು ಸೋಲುತ್ತದೆ. ಜೋಮು ಬೆರಳಿನಿಂದ ಪಾದಕ್ಕೆ, ಅಲ್ಲಿಂದ ಕಾಲುಚೀಲ ತೊಟ್ಟಂತೆ ಮೇಲಕ್ಕೆ ಏರಿ ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಶುರುವಾಗುತ್ತದೆ. ಎರಡೂ ಕಾಲು ಹೆಚ್ಚುಕಡಿಮೆ ಸಮ. ಒಂದೇ ಕಾಲು ಜೋಮು ಹಿಡಿದಿದ್ದರೆ, ಪಾದ ಎತ್ತಲಾಗದೆ ಎಳೆಯುತ್ತಿದ್ದರೆ, ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಶುಗರ್ ಮೇಲೆ ಹಾಕಿ ಕೂರಬಾರದು. ಸೊಂಟದ ಡಿಸ್ಕ್, ಕುಷ್ಠ ಇವನ್ನೂ ನೋಡಬೇಕು.

ನರವೆಂದರೆ ಒಂದೇ ತಂತಿಯಲ್ಲ, ಸಾವಿರಾರು ಎಳೆಗಳ ಕಟ್ಟು. ದಪ್ಪ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಸಂಕೇತ ಅದರ ಬಿಡುವಿನಿಂದ ಬಿಡುವಿಗೆ ಜಿಗಿಯುತ್ತಾ ಸೆಕೆಂಡಿಗೆ 50 ಮೀಟರ್ ದಾಟುತ್ತದೆ. ಹೊದಿಕೆಯಿಲ್ಲದ ಸಣ್ಣ ಎಳೆಗಳಲ್ಲಿ ಬರೀ ಒಂದು ಮೀಟರ್ ಆಸುಪಾಸು. ಜಾಲಿ ಮುಳ್ಳು ತುಳಿದಾಗ ಮೊದಲು ಚುರುಕ್ ಎಂದು, ಒಂದು ಸೆಕೆಂಡು ಬಿಟ್ಟು ಹರಡಿದ ನೋವು ಬರುವುದು ಇದೇ ಕಾರಣಕ್ಕೆ: ಮೊದಲನೆಯದು ತೆಳು ಹೊದಿಕೆಯ ಎಳೆಯದು, ಎರಡನೆಯದು ಹೊದಿಕೆಯಿಲ್ಲದ್ದರದು. ರೊಟ್ಟಿ ತಿರುವುವಾಗ ಹಂಚು ತಗುಲಿದ ಬೆರಳು ಈ ಎರಡಕ್ಕೂ ಕಾಯುವುದಿಲ್ಲ. ಬೆನ್ನುಹುರಿಯೇ ಹುಕುಂ ಕೊಟ್ಟು ಕೈ ಹಿಂದೆ ಎಳೆಸುತ್ತದೆ, ಮಿದುಳಿಗೆ ತಿಳಿಯುವುದು ಆಮೇಲೆ.

ಸುಮಾರು 43 ಡಿಗ್ರಿ ದಾಟಿದಾಗ ಚರ್ಮದ ಉರಿಯ ಗ್ರಾಹಕ, ಅಂದರೆ ನರದ ತುದಿಯಲ್ಲಿ ಬಿಸಿ ಗುರುತಿಸುವ ಪ್ರೋಟೀನ್, ಎಚ್ಚರಗೊಳ್ಳುತ್ತದೆ. ಕೆಂಪು ಖಾರ ಬಾಯಿ ಸುಡುವುದೂ ಅದೇ ಗ್ರಾಹಕದಿಂದ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಿಕ್ಕಿತು. ಕಾಯಿಲೆಗೆ ಬಿದ್ದ ಸಣ್ಣ ಎಳೆ ಬಿಸಿಯಿಲ್ಲದೆಯೂ ತಾನಾಗಿ ಕೂಗುತ್ತದೆ, ಅದೇ ರಾತ್ರಿಯ ಉರಿ. ಮುಂದೆ ಆ ಎಳೆ ಸತ್ತರೆ ಕೂಗೂ ನಿಲ್ಲುತ್ತದೆ. ‘ಈಗ ಉರಿ ಇಲ್ರೀ, ಆರಾಮ ಅದ’ ಅನ್ನುವವರ ಪಾದವನ್ನು ಹೆಚ್ಚು ಜೋಪಾನವಾಗಿ ನೋಡಬೇಕಾಗುವುದು ಅದಕ್ಕೇ. ಪ್ರಿಗ್ಯಾಬಲಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ಉರಿ ತಗ್ಗಿಸುತ್ತವೆ, ಹೋದ ಸ್ಪರ್ಶ ತಂದುಕೊಡುವುದಿಲ್ಲ.

ಮೆಡಿಕಲ್‌ನಲ್ಲಿ ಕೇಳಿ ತರುವ ‘ನರದ ಗುಳಿಗೆ’ಯ ಬಗ್ಗೆ ಒಂದು ಮಾತು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಹೀರಿಕೆ ಕುಗ್ಗಬಹುದು, ಸಸ್ಯಾಹಾರಿಗಳಿಗೆ ಮೊದಲೇ ಕೊರತೆ. ನಮ್ಮ ತೊಗರಿ ಬೇಳೆಯಲ್ಲಿ ಪ್ರೋಟೀನ್ ಎಷ್ಟಿದ್ದರೂ ಬಿ12 ಇಲ್ಲ. ರಕ್ತ ಪರೀಕ್ಷಿಸಿ ಕೊರತೆ ಇದ್ದರೆ ಅದನ್ನೇ ಕೊಡಬೇಕು. ಎಲ್ಲ ಬೆರೆಸಿದ ಗುಳಿಗೆಯನ್ನು ಅಳತೆಯಿಲ್ಲದೆ ವರ್ಷಾನುಗಟ್ಟಲೆ ನುಂಗಿದರೆ ಅದರಲ್ಲಿರುವ ಬಿ6 ಅತಿಯಾಗಿ, ಅದೇ ನರ ಕೆಡಿಸಬಹುದು.

ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದಲೂ 128 ಹರ್ಟ್ಸ್ ಶ್ರುತಿಕವೆಯಿಂದಲೂ ಪರೀಕ್ಷಿಸುತ್ತಾರೆ. ಮನೆಯಲ್ಲಿ ಬೆರಳೇ ಸಾಕು. ಶುಗರ್ ಇರುವವರು ಕಣ್ಣು ಮುಚ್ಚಲಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಹಗುರಾಗಿ, ಒಂದೆರಡು ಸೆಕೆಂಡು ಮುಟ್ಟಲಿ. ಒತ್ತಬಾರದು, ಉಜ್ಜಬಾರದು, ಎರಡನೇ ಸಲ ಮುಟ್ಟಬಾರದು. ಆರರಲ್ಲಿ ಎರಡು ತಪ್ಪಿದರೆ ಪಾದ ಅಪಾಯದಲ್ಲಿದೆ.

ಬೆವರಿನ ಗ್ರಂಥಿಗಳಿಗೂ ನರವಿದೆ. ಅದು ಕೆಟ್ಟರೆ ಪಾದ ಬೆವರದೆ ಒಣಗಿ ಹಿಮ್ಮಡಿ ಸೀಳುತ್ತದೆ, ಆ ಬಿರುಕು ಕೀವಿಗೆ ಬಾಗಿಲು. ವ್ಯಾಸಲಿನ್ ಹಚ್ಚಿ, ಬೆರಳ ಸಂದು ಬಿಟ್ಟು. ಒಂದೇ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ನೋವೇ ಇಲ್ಲದಿದ್ದರೆ ಒಳಗೆ ಮೂಳೆ ಕುಸಿಯುತ್ತಿರಬಹುದು. ಆ ಕಾಲೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಬೇಸಿಗೆಯ ಮಾತು ಬೇರೆಯೇ. ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ದಾಟುವ ಊರು ನಮ್ಮದು, ಗುಡಿ, ದರ್ಗಾಗಳ ಅಂಗಳಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ನೇರ ಬಿಸಿಲಲ್ಲಿ ಕಲ್ಲು 60 ಡಿಗ್ರಿ ಮುಟ್ಟಿದರೆ ಚರ್ಮ ಆಳಕ್ಕೆ ಸುಡಲು ಕೆಲವೇ ಸೆಕೆಂಡು ಸಾಕು. ನರ ನೆಟ್ಟಗಿದ್ದವರು ಕುಣಿಯುತ್ತಾ ನೆರಳಿಗೆ ಓಡುತ್ತಾರೆ. ನರ ಹೋದವರು ನಿಧಾನಕ್ಕೆ ಪ್ರದಕ್ಷಿಣೆ ಮುಗಿಸಿ, ಮನೆಗೆ ಬಂದು ರಾತ್ರಿ ಬೊಬ್ಬೆ ನೋಡುತ್ತಾರೆ. ದರ್ಶನ ಬೆಳಗಿನ ಹೊತ್ತಿಗೇ ಆಗಲಿ. ಸೂರ್ಯ ಮುಳುಗಿದ ಮೇಲೂ ಕಲ್ಲು ಬಹಳ ಹೊತ್ತು ಕಾವು ಹಿಡಿದಿರುತ್ತದೆ. ಸ್ನಾನದ ನೀರನ್ನೂ ಕಾಲಿಟ್ಟು ನೋಡಬಾರದು, ಬೆರಳದ್ದಿಯೂ ಅಲ್ಲ. ಮೊಣಕೈ ಅದ್ದಿ ನೋಡಿ, ಅಲ್ಲಿನ ನರ ಗಿಡ್ಡ.