ಡ್ರಮ್ಮಿಗೆ ಹನಿ ನೀರೂ ಹೊಕ್ಕಿರಲಿಲ್ಲ

2019ರ ಆಗಸ್ಟ್‌ನಲ್ಲಿ ಕೊಡಗಿನ ಪರಿಹಾರ ಕೇಂದ್ರವೊಂದರಲ್ಲಿ ನಾನು ಔಷಧ ವಿತರಿಸುತ್ತಿದ್ದಾಗ, ಹಿರಿಯರೊಬ್ಬರು ಹೆಗಲ ಮೇಲೆ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಹೊತ್ತು ತಂದು ನನ್ನ ಮೇಜಿನ ಪಕ್ಕದಲ್ಲಿ ಇಳಿಸಿದರು. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಜನ ಉಟ್ಟ ಬಟ್ಟೆಯಲ್ಲಿ ಹೊರಟದ್ದನ್ನು ಕಂಡಿದ್ದ ಅವರು, ಈ ಸಲ ಮಾತ್ರೆ, ಹತ್ತಿ, ಬೆಂಕಿಪೊಟ್ಟಣ, ಎರಡು ಹೊದಿಕೆ, ಮನೆಯ ಕಾಗದಪತ್ರ ಎಲ್ಲವನ್ನೂ ಮೊದಲೇ ತುಂಬಿಸಿ ಇಟ್ಟುಕೊಂಡಿದ್ದರು. “ಒಂದು ಹನಿ ನೀರೂ ಒಳಗೆ ಹೋಗಿಲ್ಲ, ಬೇಕಾದರೆ ನೋಡಿ” ಎಂದು ಮುಚ್ಚಳ ತೆಗೆದರು. ಮೊದಲು ಮೂಗಿಗೆ ಬಡಿದದ್ದು ವಿನೆಗರ್ ವಾಸನೆ. ಹೃದಯದ ತೊಂದರೆಗೆಂದು ಅವರು ದಿನವೂ ನುಂಗುತ್ತಿದ್ದ ಆಸ್ಪಿರಿನ್ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಕಾಗದದ ಪೊಟ್ಟಣ ಕಟ್ಟಿದ್ದರು. ತೇವ ತಗುಲಿದ ಆಸ್ಪಿರಿನ್ ಒಡೆದು ಅಸಿಟಿಕ್ ಆಮ್ಲವಾಗುತ್ತದೆ, ಆ ವಾಸನೆ ಅದರದ್ದೇ. ಹತ್ತಿಯ ಸುರುಳಿಯ ಮೇಲೆ ಕಪ್ಪು ಚುಕ್ಕೆಗಳಿದ್ದವು. ಬೆಂಕಿಕಡ್ಡಿ ಗೀರಿದರೆ ಅದರ ತಲೆ ಪೊಟ್ಟಣದ ಬದಿಗೆ ಕೆಸರಿನಂತೆ ಮೆತ್ತಿಕೊಂಡಿತು.

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ, ಹೊರಗಿನ ನೀರು ಒಳಗೆ ಹೊಕ್ಕಿರಲೇ ಇಲ್ಲ. ಡ್ರಮ್ಮಿನ ಬಾಯಿ ಮುಚ್ಚಿದ್ದು ಯಾವಾಗ ಎಂದು ಕೇಳಿದೆ. ಆರಿದ್ರಾ ಮಳೆ ಹಿಡಿದ ದಿನ ಸಂಜೆ ಎಂದರು.

ನೀರು ಒಳಗೆ ಬಾರದಂತೆ ತಡೆಯುವ ಮುಚ್ಚಳವು ಒಳಗಿರುವ ತೇವವನ್ನು ಹೊರಗೆ ಹೋಗಲೂ ಬಿಡುವುದಿಲ್ಲ ಎಂಬುದನ್ನು ಈ ವಿಷಯದಲ್ಲಿ ನಾವು ಬಹುತೇಕ ಮರೆಯುತ್ತೇವೆ. ಐವತ್ತು ಲೀಟರಿನ ಡ್ರಮ್ಮಿನೊಳಗಿನ ಗಾಳಿಯು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ತೇವದಿಂದ ತುಂಬಿದ್ದರೂ ಅದರಲ್ಲಿರುವ ನೀರು ಸುಮಾರು ಒಂದೂವರೆ ಗ್ರಾಂ ಮಾತ್ರ, ಅಷ್ಟರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ ಮಳೆಗಾಲದ ಗಾಳಿಯಲ್ಲಿ ಕೆಲವು ದಿನ ಇದ್ದ ಹತ್ತಿಯ ಬಟ್ಟೆ ತನ್ನ ತೂಕದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ನೀರನ್ನು ಹೀರಿಕೊಂಡಿರುತ್ತದೆ, ಮುಟ್ಟಿದರೆ ಒಣಗಿದಂತೆಯೇ ಕಾಣುತ್ತದೆ. ಒಂದು ಕಿಲೋ ಹೊದಿಕೆಯನ್ನು ತುರುಕಿದರೆ ನೂರು ಗ್ರಾಂಗೂ ಮೀರಿದ ನೀರನ್ನು ನಮ್ಮ ಕೈಯಾರೆ ಒಳಗಿಟ್ಟಂತಾಯಿತು. ರಟ್ಟಿನ ಪೆಟ್ಟಿಗೆ, ಕಾಗದಗಳ ಕತೆಯೂ ಅದೇ. ಹಗಲಿನ ಕಾವಿಗೆ ಈ ತೇವ ಆವಿಯಾಗಿ, ರಾತ್ರಿ ಡ್ರಮ್ಮಿನ ಗೋಡೆ ತಣ್ಣಗಾದಾಗ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ ಕೆಳಗಿನ ಸಾಮಾನಿನ ಮೇಲೆ ತೊಟ್ಟಿಕ್ಕುತ್ತದೆ, ಮರುದಿನ ಮತ್ತೆ ಅದೇ ನಡೆಯುತ್ತದೆ. ಸರಿಯಾಗಿ ಒಣಗದ ಅಡಿಕೆಯನ್ನು ಗೋಣಿಗೆ ತುಂಬಿ ಬಾಯಿ ಹೊಲಿದರೆ ಬೂಷ್ಟು ಹಿಡಿಯುತ್ತದೆಂದು ಬಲ್ಲ ಮಲೆನಾಡಿನ ಮನೆಗಳಲ್ಲೇ ಔಷಧದ ಡಬ್ಬಿಯ ವಿಷಯದಲ್ಲಿ ಈ ಎಚ್ಚರ ತಪ್ಪುತ್ತದೆ.

ಆದ್ದರಿಂದ ತುರ್ತು ಸಾಮಾನನ್ನು ಕಟ್ಟಿಡಲು ತಕ್ಕ ಕಾಲ ಫೆಬ್ರವರಿ, ಮಾರ್ಚ್ ತಿಂಗಳು. ದಿನದಲ್ಲಿ ತಕ್ಕ ಹೊತ್ತು ಮಧ್ಯಾಹ್ನ ಎರಡರಿಂದ ಮೂರು ಗಂಟೆ, ಏಕೆಂದರೆ ಆಗ ಗಾಳಿಯ ಸಾಪೇಕ್ಷ ಆರ್ದ್ರತೆ ಅತಿ ಕಡಿಮೆ ಇರುತ್ತದೆ. ಬಟ್ಟೆ, ಹೊದಿಕೆ, ಖಾಲಿ ಡ್ರಮ್ಮನ್ನು ಬೆಳಿಗ್ಗೆಯಿಂದ ಬಿಸಿಲಿಗೆ ಹಾಕಬೇಕು, ಔಷಧಗಳನ್ನು ಮಾತ್ರ ಎಂದಿಗೂ ಬಿಸಿಲಿಗೆ ಇಡಬಾರದು. ಮಳೆ ಈಗಾಗಲೇ ಹಿಡಿದಿದ್ದರೆ ಬಟ್ಟೆಗೆ ಬಿಸಿ ಇಸ್ತ್ರಿ ಹಾಕಿ, ಆವಿ ಏಳುವುದು ನಿಂತ ಕೂಡಲೇ ದಪ್ಪ ಪಾಲಿಥಿನ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಕಟ್ಟಿದರೆ ಸಾಕಷ್ಟು ಕೆಲಸವಾಗುತ್ತದೆ. ರಟ್ಟಿನ ಪೆಟ್ಟಿಗೆಗಳನ್ನು ಹೊರಗೇ ಬಿಡಿ.

ಡ್ರಮ್ಮಿನ ವಿಷಯಕ್ಕೆ ಬಂದರೆ, ನಾನು ಬೆಲೆಗಿಂತ ಮೊದಲು ಮುಚ್ಚಳದ ಒಳಗಿನ ರಬ್ಬರ್ ವಾಷರ್ ನೋಡುತ್ತೇನೆ. ಒಂದು ಕಾಗದದ ಪಟ್ಟಿಯನ್ನು ಮುಚ್ಚಳದಡಿ ಸಿಕ್ಕಿಸಿ, ಕ್ಲ್ಯಾಂಪ್ ಬಿಗಿದು ಎಳೆಯಿರಿ. ಅದು ಸುಲಭವಾಗಿ ಜಾರಿ ಬಂದರೆ ಆ ಜಾಗದಲ್ಲಿ ವಾಷರ್ ಕೂರುತ್ತಿಲ್ಲ ಎಂದರ್ಥ, ಹಾಗೆಯೇ ಸುತ್ತ ನಾಲ್ಕೈದು ಕಡೆ ಎಳೆದು ನೋಡಬೇಕು. ಆಮೇಲೆ ಅರ್ಧ ಡ್ರಮ್ಮು ನೀರು ತುಂಬಿ, ಮುಚ್ಚಿ, ಹಳೆಯ ದಿನಪತ್ರಿಕೆಯ ಮೇಲೆ ಅರ್ಧ ಗಂಟೆ ಬೋರಲು ಹಾಕಿದರೆ ಪತ್ರಿಕೆಯೇ ಉತ್ತರ ಹೇಳುತ್ತದೆ. ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಲು ಹೋದರೆ ಅದು ಮುಳುಗುವುದೇ ಇಲ್ಲ: ಐವತ್ತು ಲೀಟರಿನ ಡ್ರಮ್ಮು ಮುಳುಗಬೇಕಾದರೆ ಒಟ್ಟು ತೂಕ ಐವತ್ತು ಕಿಲೋ ದಾಟಬೇಕು, ನಾವು ತುಂಬುವುದೋ ಹದಿನೈದು ಕಿಲೋ. ಇದೇ ಕಾರಣಕ್ಕೆ ಮನೆಯೊಳಗೆ ನೀರು ನುಗ್ಗಿದಾಗ ಅದು ಸಲೀಸಾಗಿ ತೇಲಿ ಬಾಗಿಲು ದಾಟಿ ಹೋಗುತ್ತದೆ. ಹಿಡಿಕೆಗೆ ಉದ್ದದ ನೈಲಾನ್ ಹಗ್ಗ ಕಟ್ಟಿ ಅಟ್ಟದ ತೊಲೆಗೆ ಬಿಗಿಯುವುದು ಒಳ್ಳೆಯದು. ಟಾರ್ಚಿನ ಮೇಲೆ ಅಚ್ಚಾಗಿರುವ ಐಪಿ 67 ಎಂಬ ಗುರುತಿನ ಬಗ್ಗೆಯೂ ಒಂದು ಮಾತು. ಅದು ಹೊಸ ವಸ್ತುವು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ ಎಂದಷ್ಟೇ ಹೇಳುತ್ತದೆ. ವಾಷರ್ ಸವೆದ ಹಳೆಯ ಟಾರ್ಚು ರಾತ್ರಿಯಿಡೀ ಕೆಸರುನೀರಿನಲ್ಲಿ ಬಿದ್ದಿದ್ದರೂ ಉರಿಯುತ್ತದೆ ಎಂದಲ್ಲ. ಸೆಲ್ಲುಗಳನ್ನು ಹೊರತೆಗೆದು ಬೇರೆಯಾಗಿಡಿ.

ಉಳಿದ ತೇವವನ್ನು ಹೀರಲು ಸಿಲಿಕಾ ಜೆಲ್ ಬೇಕು. ಔಷಧದ ಸೀಸೆಯಲ್ಲಿ ಬರುವ ಚಿಕ್ಕ ಪೊಟ್ಟಣಗಳನ್ನು ಕೂಡಿಟ್ಟು ಡ್ರಮ್ಮಿಗೆ ಹಾಕುವವರಿದ್ದಾರೆ, ಆದರೆ ಅವು ಅಷ್ಟರಲ್ಲೇ ಹೊಟ್ಟೆ ತುಂಬಾ ತೇವ ಹೀರಿ ಸೋತಿರುತ್ತವೆ. ಚೆನ್ನಾಗಿ ಒಣಗಿಸಿದ ಸಾಮಾನಿನ ಜೊತೆಗೆ ಕಾಲು ಕಿಲೋ ಹೊಸ ಜೆಲ್ಲನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿಟ್ಟರೆ ಸಾಕು. ಕಿತ್ತಳೆ ಬಣ್ಣದ ಹರಳು ತೇವ ಹೀರಿದಂತೆ ಹಸಿರಿಗೆ ತಿರುಗುವುದರಿಂದ ಸ್ಥಿತಿ ತಿಳಿಯುತ್ತದೆ; ನೀಲಿಯದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಆಹಾರ, ಔಷಧದ ಜೊತೆ ನಾನು ಅದನ್ನು ಇಡುವುದಿಲ್ಲ. ಹುರಿದ ಅಕ್ಕಿಯ ಗಂಟು ಉಪ್ಪಿನ ಡಬ್ಬಿಗೆ ಸರಿ, ಡ್ರಮ್ಮಿಗೆ ಸಾಲದು. ಸುಟ್ಟ ಸುಣ್ಣದ ಕಲ್ಲನ್ನಂತೂ ಹಾಕಲೇಬೇಡಿ, ನೀರು ತಗುಲಿದರೆ ಅದು ಉಬ್ಬಿ ಕುದಿಯುತ್ತದೆ.

ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಬಾರದು. ಅದರ ತಗಡೇ ಅವುಗಳ ಮೊದಲ ಕವಚ, ಡ್ರಮ್ಮು ಅದರ ನಂತರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪೊಟ್ಟಣದಲ್ಲಿರುವ 20.5 ಗ್ರಾಂ ಪುಡಿಯಲ್ಲಿ 13.5 ಗ್ರಾಂ ಗ್ಲೂಕೋಸ್ ಇರುವುದರಿಂದ, ಒಡೆದು ಸ್ವಲ್ಪ ಬಳಸಿ ಮಡಚಿಟ್ಟ ಪೊಟ್ಟಣ ಬೇಗ ಗಟ್ಟಿಯಾಗುತ್ತದೆ, ಕಂದುಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಬೇಕು. ಬ್ಲೀಚಿಂಗ್ ಪೌಡರ್‌ಗೆ ಇದೇ ಡ್ರಮ್ಮಿನಲ್ಲಿ ಜಾಗವಿಲ್ಲ: ತೇವ ತಗುಲಿದರೆ ಅದರಿಂದ ಹೊರಡುವ ಕ್ಲೋರಿನ್ ಟಾರ್ಚಿನ ಲೋಹವನ್ನೂ ಮಾತ್ರೆಯ ತಗಡನ್ನೂ ತಿನ್ನುತ್ತದೆ. ಕುಡಿಯುವ ನೀರಿಗೆ ಸ್ಟ್ರಿಪ್ಪಿನಲ್ಲಿ ಬರುವ ಕ್ಲೋರಿನ್ ಮಾತ್ರೆಗಳನ್ನೇ ಇಟ್ಟುಕೊಳ್ಳಿ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿಯ ತಂಪು ಬೇಕಾದ್ದರಿಂದ ಅದನ್ನು ಡ್ರಮ್ಮಿನಲ್ಲಿ ಇಟ್ಟು ಮರೆಯುವಂತಿಲ್ಲ, ಹೊರಡುವಾಗ ಕೈಯಲ್ಲಿ ಹಿಡಿಯಬೇಕಾದ ವಸ್ತು ಅದು.

ಕಾಗದಪತ್ರಗಳಲ್ಲಿ ಮತ್ತೆ ಸಿಗುವುದು, ಸಿಗದಿರುವುದು ಎಂಬ ಭೇದ ಮಾಡಿಕೊಳ್ಳಿ. ಪಹಣಿಯ ಪ್ರತಿ ಮತ್ತೆ ಸಿಗುತ್ತದೆ, ಅಜ್ಜನ ಕೈಬರಹದ ಪಾಲುಪಟ್ಟಿ ಸಿಗದು. ಅಂಥದ್ದು ನೆನೆದರೆ ಬಿಸಿಲಿಗಿಡದೆ ನೆರಳಿನಲ್ಲಿ ಫ್ಯಾನಿನ ಗಾಳಿಗೆ ಹರಡಬೇಕು; ಎರಡು ದಿನ ಕಳೆಯುವುದರೊಳಗೆ ಬೂಷ್ಟು ಹತ್ತಬಹುದಾದ್ದರಿಂದ, ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಪಾಲಿಥಿನ್ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟು ಕಾಲಾವಕಾಶ ಪಡೆಯಬಹುದು.

ಆ ಹಿರಿಯರ ಡ್ರಮ್ಮಿಗೆ ಇನ್ನೊಂದು ತೊಂದರೆಯೂ ಇತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ದಿನದ ಮಾತ್ರೆಗಾಗಿ ಅದನ್ನೇ ಪ್ರತಿ ಬೆಳಿಗ್ಗೆ ತೆರೆಯುತ್ತಿದ್ದರಂತೆ. ಈಗ ಅವರ ಮನೆಯಲ್ಲಿ ವಾರದ ಮಾತ್ರೆಗೆ ಅಡುಗೆಮನೆಯ ಕಪಾಟಿನಲ್ಲಿ ಬೇರೆ ಡಬ್ಬಿಯಿದೆ. ಡ್ರಮ್ಮಿನ ಮುಚ್ಚಳಕ್ಕೆ ಒಳಗಿನ ಸಾಮಾನಿನ ಪಟ್ಟಿ, ಔಷಧಗಳ ಅವಧಿ ಮುಗಿಯುವ ತಿಂಗಳು, ಬಾಯಿ ಮುಚ್ಚಿದ ದಿನಾಂಕ ಬರೆದ ಚೀಟಿ ಅಂಟಿಸಿದ್ದಾರೆ, ಆ ದಿನಾಂಕ ಮಾರ್ಚ್ ತಿಂಗಳದ್ದು.